ಉಬ್ಬು ಚೌಕದ ಅಕ್ಷರ: ಯುರೋಸ್ಟೈಲ್ ಫಾಂಟ್ ಹೇಗೆ ಕೆಲಸ ಮಾಡುತ್ತದೆ

ಒಂದು ಹಾಳೆ ತೆಗೆದುಕೊಳ್ಳಿ. ಸ್ಕೇಲ್ ಇಟ್ಟು ಎರಡು ಅಡ್ಡಗೆರೆ ಎಳೆಯಿರಿ. ನಡುವೆ ಎರಡು ಸೆಂಟಿಮೀಟರ್ ಜಾಗ ಇರಲಿ. ಆ ಎರಡೂ ಗೆರೆಗಳಿಗೆ ಸರಿಯಾಗಿ ತಾಗುವಂತೆ ಇಂಗ್ಲಿಷಿನ ದೊಡ್ಡ 'ಎಚ್' ಬರೆಯಿರಿ. ಅದರ ಪಕ್ಕದಲ್ಲಿ, ಅದೇ ಗೆರೆಗಳಿಗೆ ತಾಗುವಂತೆ, ಕೈವಾರ ಹಿಡಿದು ದೊಡ್ಡ 'ಓ' ಬರೆಯಿರಿ. ಈಗ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಅಳತೆ ಎರಡರದ್ದೂ ಒಂದೇ. ಆದರೂ 'ಓ' ಒಂಚೂರು ಚಿಕ್ಕದಾಗಿ ಕಾಣುತ್ತದೆ, ಅಲ್ವಾ?

ಕಾರಣ ಸರಳ. 'ಎಚ್' ತನ್ನ ಎರಡು ಕಾಲುಗಳ ಪೂರ್ತಿ ದಪ್ಪದಿಂದ ಗೆರೆಯನ್ನು ಮುಟ್ಟುತ್ತದೆ. 'ಓ' ಮುಟ್ಟುವುದು ಒಂದೇ ಒಂದು ಬಿಂದುವಿನಲ್ಲಿ. ಆ ಬಿಂದುವಿನ ಎರಡೂ ಕಡೆ ಗೆರೆ ಕೂಡಲೇ ಜಾರಿಬಿಡುತ್ತದೆ. ನಮ್ಮ ಕಣ್ಣು ಸ್ಕೇಲಿನಂತೆ ತುದಿಯಿಂದ ತುದಿಗೆ ಅಳೆಯುವುದಿಲ್ಲ. ಎಷ್ಟು ಜಾಗ ತುಂಬಿದೆ ಎಂದು ನೋಡುತ್ತದೆ. ಹಾಗಾಗಿ ಫಾಂಟ್ ಮಾಡುವವರು ದುಂಡು ಅಕ್ಷರಗಳನ್ನು ಗೆರೆಯಿಂದ ಕೂದಲೆಳೆಯಷ್ಟು ಆಚೆ ದಾಟಿಸಿ ಬರೆಯುತ್ತಾರೆ. ಆಗ ಮಾತ್ರ ಎರಡೂ ಒಂದೇ ಎತ್ತರ ಇದ್ದಂತೆ ಕಾಣುತ್ತವೆ.

ರೋಮನ್ ಲಿಪಿಯೊಳಗೆ ಮೊದಲಿನಿಂದಲೂ ಇರುವ ಜಗಳ ಇದು. ಇ, ಎಫ್, ಎಚ್, ಐ, ಎಲ್, ಟಿ ಇವೆಲ್ಲ ನೇರ ಗೆರೆಯ ಪಕ್ಷ. ಸಿ, ಜಿ, ಓ, ಕ್ಯೂ, ಎಸ್ ದುಂಡು ಪಕ್ಷ. ಬಿ, ಡಿ, ಪಿ, ಆರ್, ಯು ಎರಡೂ ಕಡೆ ಕಾಲಿಟ್ಟವು. ಎ, ವಿ, ಡಬ್ಲ್ಯೂ, ಎಕ್ಸ್ ಥರದ ಓರೆ ಗೆರೆಯವೂ ಇವೆ. ಅವುಗಳ ಮಾತು ಆಮೇಲೆ ಬರುತ್ತದೆ. ಇಷ್ಟು ಬೇರೆ ಬೇರೆ ಸ್ವಭಾವದವರನ್ನು ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಮನೆಯವರಂತೆ ಕಾಣಿಸುವುದು ಹೇಗೆ? ಅಕ್ಷರ ವಿನ್ಯಾಸದ ಮುಕ್ಕಾಲು ಪಾಲು ಕೆಲಸ ಇದೇ.

ಎತ್ತರ ಒಂದೇ ಅಲ್ಲ, ಅಂತರದಲ್ಲೂ ಇದೇ ತೊಂದರೆ. ಎರಡು 'ಎಚ್' ಪಕ್ಕಪಕ್ಕ ಇಟ್ಟರೆ ನಡುವೆ ಒಂದು ನೆಟ್ಟನೆಯ ಓಣಿ. ಅಷ್ಟೇ ಅಂತರದಲ್ಲಿ ಎರಡು 'ಓ' ಇಟ್ಟರೆ ಮೇಲೆ ಮತ್ತು ಕೆಳಗೆ ಓಣಿ ಅಗಲವಾಗಿ ತೆರೆದುಕೊಳ್ಳುತ್ತದೆ. ಅವು ದೂರ ಕೂತಂತೆ ಕಾಣುತ್ತವೆ. ಹಾಗಾಗಿ ದುಂಡು ಅಕ್ಷರಗಳನ್ನು ಹತ್ತಿರ ತರಬೇಕು, ನೇರ ಅಕ್ಷರಗಳನ್ನು ಸ್ವಲ್ಪ ದೂರ ಇಡಬೇಕು.

ಈ ಜಗಳಕ್ಕೆ ಬೇರೆ ಬೇರೆಯವರು ಬೇರೆ ಬೇರೆ ದಾರಿ ಹುಡುಕಿದ್ದಾರೆ. 1927ರಲ್ಲಿ ಜರ್ಮನಿಯಲ್ಲಿ ಬಂದ ಪೌಲ್ ರೆನ್ನರ್ ಅವರ ಫ್ಯೂಚುರಾ ಫಾಂಟ್ ಜಗಳವನ್ನು ಮುಚ್ಚಿಡಲೇ ಇಲ್ಲ. ಅದರ 'ಓ' ಹೆಚ್ಚುಕಡಿಮೆ ಕೈವಾರದ ವೃತ್ತ. ಅದರ 'ಇ', 'ಎಲ್' ಕಿರಿದಾದ ಕಡ್ಡಿಗಳು. ಆ ವ್ಯತ್ಯಾಸವೇ ಅದರ ಚೆಂದ. ಇದಕ್ಕೆ ಪೂರ್ತಿ ಎದುರು ದಾರಿ ಹಿಡಿದ ಒಂದು ಅಕ್ಷರ ಕುಟುಂಬ ಇದೆ. ಅದು ದುಂಡು ಅಕ್ಷರಗಳನ್ನೇ ಒಪ್ಪಿಸಿ ಚೌಕದ ಹತ್ತಿರ ಕರೆತಂದಿತು. 'ಓ' ಇನ್ನು ವೃತ್ತವಾಗಿ ಉಳಿಯಲಿಲ್ಲ. ಅಗಲವಾದ, ಮೂಲೆ ಸವರಿದ, ಬದಿಗಳು ತುಸು ಉಬ್ಬಿದ ಒಂದು ಪೆಟ್ಟಿಗೆಯಾಯಿತು. ಅದರ ಹೆಸರು ಮೊದಲು ಮೈಕ್ರೋಗ್ರಾಮಾ, ಆಮೇಲೆ ಯುರೋಸ್ಟೈಲ್. ಹೆಸರು ಕೇಳದಿದ್ದರೂ ನೀವು ಅದನ್ನು ಅಥವಾ ಅದರ ಮಾದರಿಯ ಅಕ್ಷರವನ್ನು ನೋಡಿರುತ್ತೀರಿ. ಅಂತರಿಕ್ಷ ನೌಕೆಯ ಸಿನಿಮಾ ಪೋಸ್ಟರಿನಲ್ಲಿ, ಎಲೆಕ್ಟ್ರಾನಿಕ್ ಸಾಮಾನಿನ ಮೇಲೆ, ಯಾವುದೋ ಕಂಪನಿಯ ಲೋಗೋದಲ್ಲಿ.

ಟ್ಯೂರಿನ್, 1952

ಇಟಲಿಯ ಟ್ಯೂರಿನ್ ಕಾರುಗಳ ಊರು. ಫಿಯಟ್ ಅಲ್ಲಿಯದು. ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಪ್ರೀಮಿಯರ್ ಪದ್ಮಿನಿಯ ಮೂಲವೂ ಆ ಕಂಪನಿಯ 1100 ಕಾರು. ಅದೇ ಊರಿನಲ್ಲಿ ನೆಬಿಯೋಲೊ ಎಂಬ ಕಾರ್ಖಾನೆ ಇತ್ತು. ಅದು ಅಚ್ಚುಯಂತ್ರಗಳನ್ನು ಮಾಡುತ್ತಿತ್ತು, ಜೊತೆಗೆ ಸೀಸದ ಅಚ್ಚುಮೊಳೆಗಳನ್ನೂ ಎರಕ ಹೊಯ್ಯುತ್ತಿತ್ತು. ಇಟಲಿಯ ಬಹಳಷ್ಟು ಅಚ್ಚುಕೂಟಗಳಿಗೆ ಮೊಳೆ ಹೋಗುತ್ತಿದ್ದುದು ಇಲ್ಲಿಂದಲೇ.

ಅಲ್ಲಿನ ಅಕ್ಷರ ವಿನ್ಯಾಸ ವಿಭಾಗದ ಮುಖ್ಯಸ್ಥರು ಅಲೆಸ್ಸಾಂಡ್ರೊ ಬುತ್ತಿ. 1893ರಲ್ಲಿ ಹುಟ್ಟಿದವರು. ಅವರ ಕೈಕೆಳಗೆ ಕೆಲಸ ಕಲಿತವರು ಆಲ್ಡೊ ನೋವಾರೇಸೆ, 1920ರಲ್ಲಿ ಹುಟ್ಟಿದವರು. ಇಬ್ಬರೂ ಸೇರಿ 1952ರಲ್ಲಿ ಮೈಕ್ರೋಗ್ರಾಮಾ ತಂದರು. ಅದೇ ಸುಮಾರಿಗೆ ಬುತ್ತಿ ವಿಭಾಗ ಬಿಟ್ಟರು, ನೋವಾರೇಸೆ ಆ ಜಾಗಕ್ಕೆ ಬಂದರು.

ಹೆಸರಿನಲ್ಲೇ ಅದರ ಕೆಲಸ ಇದೆ. ಗ್ರೀಕ್‌ನಲ್ಲಿ ಮೈಕ್ರೋ ಎಂದರೆ ಚಿಕ್ಕದು, ಗ್ರಾಮಾ ಎಂದರೆ ಅಕ್ಷರ. ವಿಸಿಟಿಂಗ್ ಕಾರ್ಡು, ಕಂಪನಿಯ ಕಾಗದದ ತಲೆಬರಹ, ಚೀಟಿ, ಸಣ್ಣ ಜಾಹೀರಾತು ಇಂಥ ಕಡೆ ಒಂದೆರಡು ಸಾಲು ಚಿಕ್ಕ ಅಕ್ಷರದಲ್ಲಿ ಸ್ಪಷ್ಟವಾಗಿ ಮೂಡಬೇಕು. ಅದಕ್ಕೆ ಹೊಂದುವ ಅಕ್ಷರ ಇದು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು.

ಚಿಕ್ಕ ಗಾತ್ರಕ್ಕೆ ಈ ಆಕಾರ ಯಾಕೆ ಒಳ್ಳೆಯದು? ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ವಿಷಯ ಕೈಗೆ ಸಿಗುತ್ತದೆ. ಒಂದು ಚೌಕದೊಳಗೆ ಅದರ ಬದಿಗಳಿಗೆ ತಾಗುವಂತೆ ವೃತ್ತ ಬರೆದರೆ, ಅದು ಚೌಕದ ಶೇ. 78.5 ಜಾಗವನ್ನು ಮಾತ್ರ ತುಂಬುತ್ತದೆ. ಉಳಿದದ್ದು ನಾಲ್ಕು ಮೂಲೆಯಲ್ಲಿ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದೇ ಚೌಕದಲ್ಲಿ ಉಬ್ಬು ಚೌಕ ಬರೆದರೆ (ಆ ಉಬ್ಬಿನ ಅಳತೆ ಮುಂದೆ ಬರುತ್ತದೆ, ಇಲ್ಲಿ ಹಿಡಿದದ್ದು ಘಾತ 4ರ ಗೆರೆ) ಸುಮಾರು ಶೇ. 92.7 ತುಂಬುತ್ತದೆ. ಅಂದರೆ ಅಕ್ಷರ ಅದೇ ಎತ್ತರ, ಅದೇ ಅಗಲ ಇದ್ದರೂ ಅದರ ಹೊಟ್ಟೆಯೊಳಗೆ ಬಿಳಿ ಜಾಗ ಜಾಸ್ತಿ. ಸೀಸದ ಮೊಳೆ ಕಾಗದವನ್ನು ಒತ್ತಿದಾಗ ಮಸಿ ಅಂಚಿನಿಂದ ತುಸು ಹರಡುತ್ತದೆ. ಹೊಟ್ಟೆ ಚಿಕ್ಕದಿದ್ದರೆ ಮಸಿ ತುಂಬಿ ಕಪ್ಪು ಚುಕ್ಕೆಯಾಗಿಬಿಡುತ್ತದೆ. ಹೊಟ್ಟೆ ದೊಡ್ಡದಿದ್ದರೆ ಅಕ್ಷರ ಉಳಿಯುತ್ತದೆ. ಅಕ್ಷರ ಅಗಲವಾಗಿರುವುದಕ್ಕೂ ಇದೇ ಲಾಭ.

ಮೊದಲು ಹೇಳಿದ ಜಗಳವೂ ಇಲ್ಲಿ ತಣ್ಣಗಾಗುತ್ತದೆ. ಉಬ್ಬು ಚೌಕದ 'ಓ' ಮೇಲಿನ ಗೆರೆಯ ಉದ್ದಕ್ಕೂ ಬಹಳ ದೂರ ಅಂಟಿಕೊಂಡೇ ಹೋಗುತ್ತದೆ. ಹಾಗಾಗಿ ಅದನ್ನು ಗೆರೆಯಿಂದ ಆಚೆ ದಾಟಿಸುವ ಅಗತ್ಯ ತುಂಬಾ ಕಡಿಮೆ. ಅದರ ಬದಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ. ಹಾಗಾಗಿ 'ಓ' ಮತ್ತು 'ಎಚ್' ನಡುವಿನ ಓಣಿ, ಎರಡು 'ಎಚ್' ನಡುವಿನ ಓಣಿಯ ಥರವೇ ಕಾಣುತ್ತದೆ. ಸಾಲು ಒಂದೇ ಅಳತೆಯ ಇಟ್ಟಿಗೆಗಳಿಂದ ಕಟ್ಟಿದ ಗೋಡೆಯಂತೆ ಸಮನಾಗಿ ಕೂರುತ್ತದೆ. ಓರೆ ಗೆರೆಯವು ಮಾತ್ರ ಇದಕ್ಕೆ ಒಗ್ಗುವುದಿಲ್ಲ. 'ವಿ' ಅಥವಾ 'ಎ'ಯನ್ನು ಪೆಟ್ಟಿಗೆ ಮಾಡಲು ಆಗುವುದಿಲ್ಲ. ಮಾಡಿದರೆ 'ವಿ' ಹೋಗಿ 'ಯು' ಆಗುತ್ತದೆ. ಹಾಗಾಗಿ ಈ ಫಾಂಟಿನಲ್ಲಿ ಓರೆ ಅಕ್ಷರಗಳು ಚೂಪಾಗಿಯೇ ಉಳಿದಿವೆ. ದುಂಡು ಮೂಲೆಯವರ ನಡುವೆ ಅವು ಬೇರೆ ಮನೆಯವರಂತೆ ಎದ್ದು ಕಾಣುತ್ತವೆ. ನನ್ನ ಕಣ್ಣಿಗೆ ಇದು ಕೊರತೆಯಂತೆ ಕಾಣುವುದಿಲ್ಲ. ಎಲ್ಲವೂ ಪೆಟ್ಟಿಗೆಯಾಗಿದ್ದರೆ ಆ ಸಾಲನ್ನು ಓದುವುದೇ ಕಷ್ಟವಾಗುತ್ತಿತ್ತು.

ಹತ್ತು ವರ್ಷ ದೊಡ್ಡಕ್ಷರದಲ್ಲೇ ನಡೆಯಿತು. 1962ರಲ್ಲಿ ನೋವಾರೇಸೆ ಅದಕ್ಕೆ ಸಣ್ಣಕ್ಷರಗಳನ್ನು ಸೇರಿಸಿದರು. ಕಿರಿದಾದ ಮತ್ತು ದಪ್ಪನೆಯ ರೂಪಗಳೂ ಬಂದವು. ಈ ದೊಡ್ಡ ಕುಟುಂಬಕ್ಕೆ ಯುರೋಸ್ಟೈಲ್ ಎಂದು ಹೆಸರಿಟ್ಟರು. ಬುತ್ತಿ ಅಷ್ಟರಲ್ಲಿ ತೀರಿಹೋಗಿದ್ದರು. ಯುರೋಸ್ಟೈಲ್‌ನ ಅಗಲವಾದ ದೊಡ್ಡಕ್ಷರಗಳು ಮೈಕ್ರೋಗ್ರಾಮಾದವೇ ಅನ್ನುವಷ್ಟು ಹತ್ತಿರ. ಹಾಗಾಗಿ ಇವತ್ತಿಗೂ ಜನ ಎರಡು ಹೆಸರನ್ನೂ ಅದಲುಬದಲು ಮಾಡುತ್ತಾರೆ. ಮೂಲ ಸೀಸದ ಮೊಳೆಗಳಲ್ಲಿ, ಈ ಎರಡರ ಪೈಕಿ ಸಣ್ಣಕ್ಷರ ಇದ್ದದ್ದು ಯುರೋಸ್ಟೈಲ್‌ನಲ್ಲಿ ಮಾತ್ರ.

ಆ ಉಬ್ಬು ಎಷ್ಟು?

ಮೂಲೆ ದುಂಡಗಿರುವ ಚೌಕದ ಅಕ್ಷರಗಳು ಇದಕ್ಕೂ ಮೊದಲೇ ಇದ್ದವು. ಅಮೆರಿಕದಲ್ಲಿ ಮಾರಿಸ್ ಫುಲ್ಲರ್ ಬೆಂಟನ್ 1930ರ ಸುಮಾರಿಗೆ ಮಾಡಿದ ಬ್ಯಾಂಕ್ ಗಾಥಿಕ್ ಅಂಥದ್ದು. ಅದರಲ್ಲಿ ಬದಿಗಳು ನೇರ, ಮೂಲೆ ಮಾತ್ರ ದುಂಡು. ಟ್ಯೂರಿನ್‌ನವರು ಮಾಡಿದ್ದು ಇನ್ನೊಂದು ಹೆಜ್ಜೆ ಮುಂದೆ. ಅವರ ಅಕ್ಷರದ ಬದಿಗಳೂ ನೇರವಲ್ಲ. ಬಹಳ ಮೆತ್ತಗೆ ಹೊರಗೆ ಉಬ್ಬಿವೆ. ಈ ಎರಡರ ವ್ಯತ್ಯಾಸ ತಿಳಿದರೆ ಈ ಫಾಂಟ್ ಅರ್ಥವಾದಂತೆಯೇ ಅನ್ನಬಹುದು. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಸ್ಕೂಲಿನ ಗಣಿತ ನೆನಪಿಸಿಕೊಳ್ಳಿ. ನಡುಬಿಂದುವಿನಿಂದ ಅಡ್ಡಕ್ಕೆ ಇಷ್ಟು ದೂರ, ಮೇಲಕ್ಕೆ ಇಷ್ಟು ದೂರ ಎಂದು ಒಂದು ಬಿಂದು ಗುರುತಿಸುತ್ತೀರಿ. ಅಡ್ಡ ದೂರದ ವರ್ಗ ಮತ್ತು ಎತ್ತರದ ವರ್ಗ ಕೂಡಿಸಿದರೆ ಯಾವಾಗಲೂ 1 ಬರಬೇಕು ಎಂದರೆ ಸಿಗುವುದು ವೃತ್ತ. ವರ್ಗ ಎಂದರೆ ಘಾತ 2. ಆ 2ರ ಜಾಗದಲ್ಲಿ 3 ಹಾಕಿದರೆ? 4 ಹಾಕಿದರೆ? ವೃತ್ತ ನಿಧಾನಕ್ಕೆ ಮೂಲೆಗಳ ಕಡೆ ಉಬ್ಬುತ್ತಾ ಹೋಗುತ್ತದೆ. ಘಾತ ದೊಡ್ಡದಾದಷ್ಟೂ ಚೌಕಕ್ಕೆ ಹತ್ತಿರ. ಈ ಕುಟುಂಬದ ಗೆರೆಗಳನ್ನು 1818ರಲ್ಲೇ ಫ್ರಾನ್ಸಿನ ಗಣಿತಜ್ಞ ಗೇಬ್ರಿಯಲ್ ಲಾಮೆ ವಿವರಿಸಿದ್ದರು. ಇವತ್ತು ಇದನ್ನು ಸೂಪರ್‌ಎಲಿಪ್ಸ್ ಅನ್ನುತ್ತಾರೆ.

ಈಗ ಅಳತೆ ಹಾಕೋಣ. 200 ಮಿಲಿಮೀಟರ್ ಬದಿಯ ಚೌಕ ಬರೆಯಿರಿ. ಮೇಲಿನ ಬದಿಯ ನಡುವಿನಿಂದ 50 ಮಿಲಿಮೀಟರ್ ಪಕ್ಕಕ್ಕೆ ಹೋಗಿ. ಅಂದರೆ ನಡುವಿಗೂ ಮೂಲೆಗೂ ಅರ್ಧ ದಾರಿ. ಅಲ್ಲಿ ವೃತ್ತ ಬದಿಯಿಂದ 13.4 ಮಿಲಿಮೀಟರ್ ಕೆಳಗೆ ಇಳಿದಿರುತ್ತದೆ. ಘಾತ 4ರ ಗೆರೆ ಇಳಿಯುವುದು 1.6 ಮಿಲಿಮೀಟರ್ ಮಾತ್ರ. ಬರೀ ಮೂಲೆ ಸವರಿದ ಚೌಕವಾದರೆ ಅಲ್ಲಿ ಇಳಿತವೇ ಇಲ್ಲ, ಸೊನ್ನೆ. ಆ ಒಂದೂವರೆ ಮಿಲಿಮೀಟರ್ ಬಿಡಿಸಿ ತೋರಿಸದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಎರಡು ಆಕಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಹದವಾಗಿ ಉಬ್ಬಿದ ಪೂರಿಯಂತೆ ಒಳಗಿನಿಂದ ತುಂಬಿಕೊಂಡಿರುತ್ತದೆ, ಇನ್ನೊಂದು ತಗಡಿನ ಡಬ್ಬಿಯಂತೆ ಬಿಗಿಯಾಗಿರುತ್ತದೆ.

ಇದು ಯಾಕೆ ಹೀಗೆ ಅನ್ನುವುದಕ್ಕೆ ರೈಲು ಹಳಿ ಒಳ್ಳೆಯ ಉದಾಹರಣೆ. ನೇರ ಹಳಿಗೆ ನೇರವಾಗಿ ವೃತ್ತದ ತುಂಡು ಜೋಡಿಸಿದರೆ, ಗಾಡಿ ಆ ಜಾಗಕ್ಕೆ ಬಂದಾಗ ಜರ್ಕ್ ಹೊಡೆಯುತ್ತದೆ. ಒಂದು ಕ್ಷಣ ತಿರುವೇ ಇಲ್ಲ, ಮರುಕ್ಷಣ ಪೂರ್ತಿ ತಿರುವು. ಅದಕ್ಕೆ ಎಂಜಿನಿಯರುಗಳು ನಡುವೆ ಒಂದು ಬದಲಾವಣೆಯ ತುಂಡು ಹಾಕುತ್ತಾರೆ. ಅದು ನಿಧಾನಕ್ಕೆ ತಿರುಗುತ್ತಾ ತಿರುಗುತ್ತಾ ತಿರುವಿನೊಳಗೆ ಕರೆದೊಯ್ಯುತ್ತದೆ. ನಮ್ಮ ಕಣ್ಣೂ ಗೆರೆಯ ಮೇಲೆ ಓಡುವ ಗಾಡಿಯೇ. ಮೂಲೆ ಸವರಿದ ಚೌಕದಲ್ಲಿ ನೇರ ಗೆರೆ ಮುಗಿದು ವೃತ್ತದ ತುಂಡು ಶುರುವಾಗುವ ಎಂಟು ಜಾಗಗಳಿವೆ. ಎಂಟು ಸಲ ಸಣ್ಣ ಜರ್ಕ್. ಉಬ್ಬು ಚೌಕದಲ್ಲಿ ಒಂದೂ ಇಲ್ಲ.

ನಿಮ್ಮ ಕೈಯಲ್ಲೇ ಇದರ ಇನ್ನೊಂದು ಉದಾಹರಣೆ ಇರಬಹುದು. ಐಫೋನಿನ ಆ್ಯಪ್ ಚಿತ್ರಗಳ ಚೌಕ 2013ರವರೆಗೆ ಬರೀ ಮೂಲೆ ಸವರಿದ್ದಾಗಿತ್ತು. ಆ ವರ್ಷದ ಐಒಎಸ್ 7ರಲ್ಲಿ ಅದನ್ನು ಹೀಗೆ ನಿಧಾನಕ್ಕೆ ತಿರುಗುವ ಗೆರೆಗೆ ಬದಲಾಯಿಸಿದರು.

ಇನ್ನೂ ಸೋಜಿಗದ ವಿಷಯ ಇದೆ. ಸೂಪರ್‌ಎಲಿಪ್ಸ್ ಜಗತ್ತಿನಲ್ಲಿ ಹೆಸರು ಮಾಡಿದ್ದು ಡೆನ್ಮಾರ್ಕಿನ ಪೀಟ್ ಹೈನ್ ಅವರಿಂದ. ಕವಿ, ಗಣಿತದ ಮನುಷ್ಯ, ವಿನ್ಯಾಸಕಾರ ಎಲ್ಲವೂ ಆಗಿದ್ದವರು. ಸ್ಟಾಕ್‌ಹೋಮ್ ನಗರದ ನಡುವೆ ಒಂದು ಉದ್ದ ಚೌಕಾಕಾರದ ಜಾಗದಲ್ಲಿ ವಾಹನಗಳು ಸುತ್ತಿಹೋಗುವ ವೃತ್ತ ಮಾಡಬೇಕಿತ್ತು. 1959ರಲ್ಲಿ ಅವರು ಅದಕ್ಕೆ ಘಾತ 2.5ರ ಗೆರೆ ಕೊಟ್ಟರು. ಅಂದರೆ ಮೈಕ್ರೋಗ್ರಾಮಾ ಬಂದು ಏಳು ವರ್ಷ ಆದ ಮೇಲೆ. ಬುತ್ತಿ ಮತ್ತು ನೋವಾರೇಸೆ ಆ ಉಬ್ಬನ್ನು ಕಣ್ಣಳತೆಯಿಂದ, ಕೈಯಿಂದ ಬರೆದಿದ್ದರು. ಅದೇ 1952ರಲ್ಲಿ ಜರ್ಮನಿಯ ಹರ್ಮನ್ ಝಾಫ್ ತಮ್ಮ ಮೆಲಿಯರ್ ಎಂಬ ಫಾಂಟಿನಲ್ಲೂ ಇದೇ ಥರದ ಉಬ್ಬು ಚೌಕದ 'ಓ' ತಂದರು. ಅದು ಪುಸ್ತಕ, ಪತ್ರಿಕೆಯ ಸಾಲುಗಳಿಗೆ ಹೊಂದುವ, ಗೆರೆಯ ತುದಿಗೆ ಅಡ್ಡಪಟ್ಟಿ ಇರುವ ಅಕ್ಷರ. ನೋಟದಲ್ಲಿ ಪೂರ್ತಿ ಬೇರೆ. ಬೇರೆ ದೇಶ, ಬೇರೆ ಕಾರ್ಖಾನೆ, ಬೇರೆ ಉದ್ದೇಶ. ಆದರೂ ಒಂದೇ ವರ್ಷದಲ್ಲಿ ಒಂದೇ ಗೆರೆ.

ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಬರೆಯುವ ಮೆಟಾಫಾಂಟ್ ಭಾಷೆ ಮಾಡಿದ ಡೊನಾಲ್ಡ್ ಕ್ನೂತ್ ಈ ಗುಣಕ್ಕೊಂದು ಸಂಖ್ಯೆಯನ್ನೇ ಇಟ್ಟರು. ನಡುವಿನಿಂದ ಮೂಲೆಯ ಕಡೆ ಓರೆಯಾಗಿ ಹೊರಟರೆ ಗೆರೆ ಎಷ್ಟು ದೂರಕ್ಕೆ ಸಿಗುತ್ತದೆ ಎನ್ನುವುದು ಆ ಸಂಖ್ಯೆ. ಮೂಲೆಯೇ 1 ಎಂದುಕೊಂಡರೆ ವೃತ್ತಕ್ಕೆ ಸುಮಾರು 0.707, ಪೀಟ್ ಹೈನ್ ಗೆರೆಗೆ 0.758, ಘಾತ 4ಕ್ಕೆ 0.841. ಫಾಂಟ್ ಮಾಡುವವರು ಈ ಒಂದು ಸಂಖ್ಯೆಯನ್ನು ಗುಂಡಿ ತಿರುಗಿಸಿದಂತೆ ಹೆಚ್ಚು ಕಡಿಮೆ ಮಾಡಿ, ಇಡೀ ಅಕ್ಷರಮಾಲೆಯ ಸ್ವಭಾವವನ್ನು ಬದಲಾಯಿಸಬಹುದು.

ಇಷ್ಟು ನಾಜೂಕಾದ ಉಬ್ಬು ಕಳೆದುಹೋಗುವುದೂ ಅಷ್ಟೇ ಸುಲಭ. ಸೀಸದ ಮೊಳೆ ಹೋಗಿ ಕಂಪ್ಯೂಟರ್ ಫಾಂಟ್ ಬಂದಾಗ ಯುರೋಸ್ಟೈಲ್‌ಗೆ ಆದದ್ದು ಅದೇ. ಬಹುಕಾಲ ಚಲಾವಣೆಯಲ್ಲಿದ್ದ ಡಿಜಿಟಲ್ ರೂಪಗಳಲ್ಲಿ ಬದಿಗಳು ಚಪ್ಪಟೆಯಾಗಿಬಿಟ್ಟವು. ಮೂಲೆ ಮಾತ್ರ ದುಂಡಗೆ ಉಳಿಯಿತು. ಮುಂದೆ ಲೈನೋಟೈಪ್ ಕಂಪನಿಯಲ್ಲಿ ಅಕಿರಾ ಕೊಬಯಾಶಿ ಯುರೋಸ್ಟೈಲ್ ನೆಕ್ಸ್ಟ್ ಎಂಬ ಹೊಸ ರೂಪ ಮಾಡಿದರು. ಅದರಲ್ಲಿ ಹಳೆಯ ಮೊಳೆಯಲ್ಲಿದ್ದ ಉಬ್ಬನ್ನು ಮತ್ತೆ ತಂದರು. ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಹೊಸ ಫಾಂಟ್ ಮಾಡಿದರೆ ಹೆಸರು ಬರುತ್ತದೆ. ಒಂದೂವರೆ ಮಿಲಿಮೀಟರ್ ಉಬ್ಬನ್ನು ಹಿಂದಕ್ಕೆ ತರುವುದಕ್ಕೆ ಅಕ್ಷರದ ಮೇಲೆ ಪ್ರೀತಿ ಬೇಕು.

ನಾಳೆಯ ಮುಖ

ಈ ಅಕ್ಷರ ನೋಡಿದ ಕೂಡಲೇ ಅಂತರಿಕ್ಷ, ಯಂತ್ರ, ನಾಳೆಯ ಕಾಲ ಯಾಕೆ ನೆನಪಾಗುತ್ತದೆ? ಆ ಆಕಾರ ಆಗಿನ ಕಾಲದ ಹೊಸ ಸಾಮಾನುಗಳ ಮೇಲೆಲ್ಲ ಇತ್ತು. ಹಳೆಯ ಟಿವಿ ನೆನಪಿದೆಯಾ? ಪರದೆಯ ನಾಲ್ಕೂ ಬದಿ ಸ್ವಲ್ಪ ಉಬ್ಬಿ, ಮೂಲೆಗಳು ದುಂಡಗಿದ್ದವು. ದೂರದರ್ಶನ ನೋಡುತ್ತಾ ಬೆಳೆದವರಿಗೆ ಆ ಆಕಾರ ಕಣ್ಣಲ್ಲೇ ಕೂತಿರುತ್ತದೆ. ಅದು ಅಲಂಕಾರಕ್ಕೆ ಬಂದದ್ದಲ್ಲ. ಟಿವಿಯ ಗಾಜಿನ ಕೊಳವೆಯೊಳಗೆ ಗಾಳಿ ಇರುವುದಿಲ್ಲ. ಹೊರಗಿನ ಗಾಳಿ ಎಲ್ಲ ಕಡೆಯಿಂದ ಒತ್ತುತ್ತಿರುತ್ತದೆ. ಚಪ್ಪಟೆ ಬದಿ, ಚೂಪು ಮೂಲೆ ಇದ್ದರೆ ಗಾಜು ತಡೆಯುವುದು ಕಷ್ಟ.

ವಿಮಾನದ ಕಿಟಕಿಯದ್ದೂ ಇಂಥದೇ ಕಥೆ. ಪ್ರಯಾಣಿಕರ ಮೊದಲ ಜೆಟ್ ವಿಮಾನ ಕಾಮೆಟ್ ಸೇವೆಗೆ ಇಳಿದದ್ದು ಕೂಡ 1952ರಲ್ಲೇ, ಮೇ 2ರಂದು. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್ ವಿಮಾನಗಳು ಇಟಲಿಯ ಪಕ್ಕದ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದು ಬಿದ್ದವು. ಲೋಹ ದಣಿದಿತ್ತು. ವಿಮಾನದ ಮೈಯಲ್ಲಿ ಕೊರೆದಿದ್ದ ಕಿಟಕಿಯಂಥ ಕಂಡಿಗಳ ಮೂಲೆಯಲ್ಲಿ ಒತ್ತಡ ಸೇರಿ ಬಿರುಕು ಬಿಟ್ಟಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಆಮೇಲೆ ವಿಮಾನದ ಕಿಟಕಿಗಳು ಇನ್ನಷ್ಟು ದುಂಡಗಾದವು.

ಹೀಗೆ ದುಂಡು ಮೂಲೆಯ ಪೆಟ್ಟಿಗೆ ಎಂದರೆ ವೇಗ, ವಿದ್ಯುತ್ತು, ಎತ್ತರದ ಹಾರಾಟ ಎಂಬ ಭಾವನೆ ಬೆಳೆಯಿತು. ಆ ಆಕಾರವನ್ನೇ ಮೈಗೂಡಿಸಿಕೊಂಡ ಅಕ್ಷರವೂ ಆ ಭಾವನೆಯನ್ನು ಹೊತ್ತುಕೊಂಡಿತು. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ಬಂತು. ಅದರ ನೌಕೆಗಳ ಒಳಗೆ ಕಾಣುವ ಪರದೆ, ಫಲಕಗಳಲ್ಲಿ ದಪ್ಪ, ಅಗಲ ರೂಪದ ಯುರೋಸ್ಟೈಲ್ ಇದೆ. ಅಲ್ಲಿಂದ ಮುಂದೆ ಅಂತರಿಕ್ಷದ ಕಥೆ ಹೇಳುವವರಿಗೆ ಇದು ಅಭ್ಯಾಸವೇ ಆಗಿಹೋಯಿತು. ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳಲ್ಲೂ ಈ ಅಕ್ಷರ ಸಿಗುತ್ತಿದ್ದುದರಿಂದ ದೊಡ್ಡ ಅಚ್ಚುಕೂಟ ಇಲ್ಲದವರೂ ಬಳಸಬಹುದಿತ್ತು. ಈಗ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಮೈಕ್ರೋಮಾ ಎಂಬ ಫಾಂಟ್ ಇದರ ಜಾಡಿನಲ್ಲೇ ಬಂದದ್ದು.

ಎಲ್ಲಿ ಬಳಸಬಾರದು ಎನ್ನುವುದನ್ನೂ ಹೇಳಬೇಕು. ಪುಟಗಟ್ಟಲೆ ಓದುವ ಬರಹಕ್ಕೆ ಇದು ಬೇಡ. ದುಂಡು ಅಕ್ಷರಗಳೆಲ್ಲ ಒಂದೇ ಪೆಟ್ಟಿಗೆಯ ಆಕಾರಕ್ಕೆ ಬಂದಿರುವುದರಿಂದ ಅವುಗಳ ನಡುವಿನ ವ್ಯತ್ಯಾಸ ಕಡಿಮೆಯಾಗಿದೆ. 'ಡಿ', 'ಓ', 'ಕ್ಯೂ' ಮತ್ತು ಸೊನ್ನೆ ಒಂದಕ್ಕೊಂದು ತೀರಾ ಹತ್ತಿರ. 'ಬಿ' ಮತ್ತು 8 ಕೂಡ. ಸಾಲನ್ನು ಸಮ ಮಾಡುವ ಗುಣವೇ ಉದ್ದ ಓದಿನಲ್ಲಿ ಕಣ್ಣಿಗೆ ಹಿಡಿತ ತಪ್ಪಿಸುತ್ತದೆ. ಮೇಲಾಗಿ ಅಗಲ ರೂಪ ಜಾಗವನ್ನು ತಿನ್ನುತ್ತದೆ. ಒಂದು ಹೆಸರು, ಒಂದು ಮಾದರಿ ಸಂಖ್ಯೆ, ಒಂದು ಗುಂಡಿಯ ಪಕ್ಕದ ಪದ, ಅಷ್ಟಕ್ಕೆ ಇದು ಬಹಳ ಚೆನ್ನ.

ಇನ್ನೊಂದು ವಿಷಯ ಫ್ಲೆಕ್ಸ್, ಬೋರ್ಡ್ ಮಾಡುವ ಗೆಳೆಯರಿಗೆ. ಅಗಲವಾದ ಅಕ್ಷರ ಬೇಕೆಂದು ಮಾಮೂಲಿ ಫಾಂಟನ್ನು ಕಂಪ್ಯೂಟರಿನಲ್ಲಿ ಎರಡೂ ಕಡೆ ಹಿಡಿದು ಎಳೆದರೆ ಅದು ಯುರೋಸ್ಟೈಲ್ ಆಗುವುದಿಲ್ಲ. ಎಳೆದಾಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಹಾಗೇ ತೆಳ್ಳಗೆ ಉಳಿಯುತ್ತವೆ. ದುಂಡು ಗೆರೆ ಮೊಟ್ಟೆಯಾಗುತ್ತದೆ. ನಿಜವಾದ ಅಗಲ ರೂಪದಲ್ಲಿ ಪ್ರತಿ ಗೆರೆಯ ದಪ್ಪವನ್ನೂ ಬೇರೆಯಾಗಿ ತೂಗಿ ಬರೆದಿರುತ್ತಾರೆ. ಹೀಗೆ ಎಳೆದ ಕನ್ನಡ ಅಕ್ಷರಗಳನ್ನು ಊರೂರಲ್ಲಿ ನೋಡುವಾಗ ನನಗೆ ಸಂಕಟವಾಗುತ್ತದೆ. ಕನ್ನಡದಲ್ಲಿ ಅಗಲವನ್ನು ಸರಿಯಾಗಿ ಬದಲಿಸಿಕೊಳ್ಳಬಹುದಾದ ಫಾಂಟ್ ಈಗ ಇದೆ. ಏಕ್ ಟೈಪ್ ತಂಡದ ಅನೇಕ್ ಕನ್ನಡವನ್ನು ಕಿರಿದಿನಿಂದ ಅಗಲದವರೆಗೆ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು. ಗೆರೆ ಕೆಡುವುದಿಲ್ಲ. ದುಡ್ಡೂ ಕೊಡಬೇಕಾಗಿಲ್ಲ.

ಕನ್ನಡಕ್ಕೆ ಈ ಪೆಟ್ಟಿಗೆ ಒಗ್ಗುತ್ತದಾ?

ನಾನು ಕೆಲವು ಭಾನುವಾರ ಗ್ರಾಫ್ ಹಾಳೆ ಹಾಕಿಕೊಂಡು ಇದನ್ನು ಪ್ರಯತ್ನಿಸಿದ್ದೇನೆ. ಮೊದಲು ಬರೆದದ್ದು 'ರ'. ಸುಲಭವಾಗಿ ಬಂತು. ಉಬ್ಬು ಚೌಕ, ಮೇಲೊಂದು ತಲೆಕಟ್ಟು. ಒಳಗೊಂದು ಚುಕ್ಕಿ ಇಟ್ಟರೆ 'ಠ' ಕೂಡ ಸಿದ್ಧ. ಇಷ್ಟು ಸುಲಭವಾ ಎಂದು ಖುಷಿಯಾಯಿತು. ತೊಂದರೆ ಶುರುವಾದದ್ದು ಆಮೇಲೆ.

ರೋಮನ್ ಲಿಪಿಯಲ್ಲಿ ದುಂಡು ಅಕ್ಷರವನ್ನು ಚೌಕದ ಕಡೆ ತಂದದ್ದಕ್ಕೆ ಒಂದು ಕಾರಣ ಇತ್ತು. ಪಕ್ಕದಲ್ಲಿ 'ಎಚ್', 'ಇ', 'ಎಲ್' ನೆಟ್ಟಗೆ ನಿಂತಿದ್ದವು. ಅವುಗಳ ಜೊತೆ ಹೊಂದಬೇಕಿತ್ತು. ಕನ್ನಡದಲ್ಲಿ ಅಂಥ ನೇರ ಪಕ್ಷವೇ ಇಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಅಕ್ಷರ ದುಂಡಗಾಯಿತು ಎಂಬ ವಿವರಣೆಯನ್ನು ನಾವೆಲ್ಲ ಕೇಳಿದ್ದೇವೆ. ಕಾರಣ ಏನೇ ಇರಲಿ, ಅ ಇಂದ ಳ ತನಕ ದುಂಡು ಪಕ್ಷವೇ ಬಹುಮತ. ಕದಂಬರ ಕಾಲದ ಕೆಲವು ಶಾಸನಗಳಲ್ಲಿ ಅಕ್ಷರದ ತಲೆಯ ಮೇಲೆ ಪುಟ್ಟ ಚೌಕದ ಪೆಟ್ಟಿಗೆ ಕಾಣುತ್ತದೆ. ಆದರೆ ಅದು ತಲೆಯಲ್ಲಿ ಮಾತ್ರ. ಹಾಗಾಗಿ ಕನ್ನಡವನ್ನು ಚೌಕ ಮಾಡಿದರೆ ಜಗಳ ಬಗೆಹರಿಯುವುದಿಲ್ಲ, ಏಕೆಂದರೆ ಜಗಳವೇ ಇರಲಿಲ್ಲ. ಸಿಗುವುದು ಒಂದು ಹೊಸ ನೋಟ ಮಾತ್ರ. ಆ ನೋಟಕ್ಕೆ ಏನು ಬೆಲೆ ಕೊಡುತ್ತೇವೆ ಎಂದು ಒಂದೊಂದೇ ಅಕ್ಷರದಲ್ಲಿ ಲೆಕ್ಕ ಹಾಕಬೇಕು.

'ವ' ಬರೆಯುವಾಗ ಆ ಲೆಕ್ಕ ಎದುರಿಗೆ ಬಂತು. ವ, ಪ, ಷ ಇವುಗಳ ಬುಡ ಎರಡು ದುಂಡು ಹೊಟ್ಟೆ ಸೇರಿದಂತಿದೆ. ಎರಡೂ ಸೇರುವ ಕಡೆ ಒಂದು ಕಚ್ಚು ಮೇಲಕ್ಕೆ ಹೋಗುತ್ತದೆ. ಬುಡವನ್ನು ಚಪ್ಪಟೆ ಮಾಡುತ್ತಾ ಹೋದಂತೆ ಆ ಕಚ್ಚು ಸಣ್ಣದಾಗುತ್ತದೆ. ಒಂದು ಹಂತದಲ್ಲಿ 'ವ' ಹೋಗಿ ಅಗಲವಾದ 'ರ' ಆಗಿಬಿಡುತ್ತದೆ. ಇಂಗ್ಲಿಷಿನ 'ವಿ'ಯನ್ನು ಪೆಟ್ಟಿಗೆ ಮಾಡಿದರೆ 'ಯು' ಆಗುವ ತೊಂದರೆಯೇ ಇದು. ಟ್ಯೂರಿನ್‌ನವರು ಓರೆ ಅಕ್ಷರಗಳನ್ನು ಚೂಪಾಗಿಯೇ ಬಿಟ್ಟಂತೆ ನಾನೂ ಕಚ್ಚನ್ನು ಚೂಪಾಗಿಯೇ ಬಿಟ್ಟೆ. ಸ್ಕೂಲಿನಲ್ಲಿ ಕಲಿತ 'ಹೊಟ್ಟೆ ಸೀಳಿದ ಷ' ಇನ್ನೂ ಕಷ್ಟ. ದಪ್ಪ ರೂಪದಲ್ಲಿ ಆ ಸೀಳು ಗೆರೆಗೆ ಜಾಗವೇ ಉಳಿಯುವುದಿಲ್ಲ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವೆ ಇರುವುದೂ ಬುಡದ ಒಂದು ಪುಟ್ಟ ಗೆರೆಯೇ. ಅದು ಮಸುಕಾದರೆ 'ಧನ' ಇದ್ದದ್ದು 'ದನ' ಆಗುತ್ತದೆ.

ಅಗಲದ ಪ್ರಶ್ನೆಯೂ ಬೇರೆ. ಯ, ಣ, ಝ ಮೊದಲೇ ಸಾಲಿನಲ್ಲಿ ಜಾಸ್ತಿ ಜಾಗ ಹಿಡಿಯುತ್ತವೆ. ಅವನ್ನು ಇನ್ನೂ ಹಿಗ್ಗಿಸಿದರೆ ಒಂದು ಪದವೇ ಬೋರ್ಡಿನ ಆಚೆ ಹೋಗುತ್ತದೆ. ಇನ್ನು ಒತ್ತಕ್ಷರ. 'ರಾಷ್ಟ್ರ' ಎಂದು ಬರೆದರೆ ಕೆಳಗೆ ಎರಡು ಒತ್ತುಗಳು ಕೂರಬೇಕು. ಅಗಲವಾಗಿ, ಗಿಡ್ಡಕ್ಕೆ, ಒಂದೇ ಎತ್ತರದ ಪಟ್ಟಿಯಲ್ಲಿ ಸಾಗುವುದೇ ಈ ಶೈಲಿಯ ಜೀವ. ಒತ್ತಕ್ಷರ ಆ ಪಟ್ಟಿಯನ್ನು ಒಪ್ಪುವುದಿಲ್ಲ. ಅದಕ್ಕೆ ಕೆಳಗೆ ಜಾಗ ಬೇಕೇ ಬೇಕು. ಒತ್ತನ್ನು ಚಿಕ್ಕದು ಮಾಡಿ ತುರುಕುವುದಕ್ಕಿಂತ ಪಟ್ಟಿಯ ಆಸೆಯನ್ನೇ ಬಿಡುವುದು ವಾಸಿ ಎಂದು ನನಗನಿಸಿತು.

ಕೊನೆಗೆ ಕೈಗೆ ಸಿಕ್ಕಿದ್ದು ಘಾತ 4 ಅಲ್ಲ, 3ರ ಸುಮಾರಿನ ಗೆರೆ. ಅಷ್ಟರಲ್ಲಿ ಹೊಟ್ಟೆ ಅಗಲವಾಗುತ್ತದೆ, ಕಚ್ಚು ಉಳಿಯುತ್ತದೆ, 'ಧ'ದ ಗೆರೆಗೂ ಜಾಗ ಸಿಗುತ್ತದೆ. ರ, ಠ, ವ, ಪ, ಬ, ಲ ಇಷ್ಟು ಮುಗಿದಿವೆ. ಈಗ ಪೆನ್ಸಿಲು 'ಳ' ಮೇಲೆ ನಿಂತಿದೆ. ಅದರ ಸುಳಿ ಒಳಕ್ಕೆ ತಿರುಗುವ ಕಡೆ ಗ್ರಾಫಿನ ಒಂದು ಚೌಕದಷ್ಟು ಉಬ್ಬು ಜಾಸ್ತಿ ಕೊಟ್ಟರೂ ಅದು ಗಂಟಿನಂತೆ ಕಾಣುತ್ತದೆ. ಅಳಿಸಿ ಮತ್ತೆ ಬರೆಯುತ್ತಿದ್ದೇನೆ.